ಚಾರ್ಟರ್ ಶಾಲೆಯೋ, ಬಡಾವಣೆಯ ಡಿಸ್ಟ್ರಿಕ್ಟ್ ಶಾಲೆಯೋ: ನ್ಯೂಯಾರ್ಕ್‌ನಲ್ಲಿ ಮಗುವನ್ನು ಸೇರಿಸುವ ಮುನ್ನ

ಬ್ರಾಂಕ್ಸ್, ಹಾರ್ಲೆಮ್, ಬ್ರೌನ್ಸ್‌ವಿಲ್, ಈಸ್ಟ್ ನ್ಯೂಯಾರ್ಕ್ ಕಡೆ ಬಾಡಿಗೆ ಸ್ವಲ್ಪ ಕಡಿಮೆ. ಊರಿಂದ ಹೊಸದಾಗಿ ಬಂದವರು, ಓದಲು ಬಂದು ಇಲ್ಲೇ ಸಂಸಾರ ಹೂಡಿದವರು, ಒಬ್ಬರ ದುಡಿಮೆಯಲ್ಲಿ ಮನೆ ನಡೆಸುವವರು ಇಂಥ ಕಡೆ ಮನೆ ಹಿಡಿಯುತ್ತಾರೆ. ಮಗುವಿಗೆ ನಾಲ್ಕು ತುಂಬುವ ಹೊತ್ತಿಗೆ ಅಂಚೆ ಡಬ್ಬಿಗೆ ಬಣ್ಣಬಣ್ಣದ ಕಾರ್ಡುಗಳು ಬೀಳತೊಡಗುತ್ತವೆ. ಯೂನಿಫಾರ್ಮ್ ತೊಟ್ಟ ಮಕ್ಕಳು, ಬಾಯಿ ತುಂಬಾ ನಗು, ಕೆಳಗೆ ದಪ್ಪ ಅಕ್ಷರದಲ್ಲಿ "ಉಚಿತ". ಅದು ಚಾರ್ಟರ್ ಶಾಲೆಯ ಜಾಹೀರಾತು. ಎರಡು ಬೀದಿ ಆಚೆ ಇರುವ ನಗರದ ಶಾಲೆಯಿಂದ ಅಂಥ ಕಾರ್ಡು ಬರುವುದು ಕಡಿಮೆ. ಅದರ ಬಗ್ಗೆ ನಿಮಗೆ ಸಿಗುವುದು ವಾಟ್ಸಾಪ್ ಗುಂಪಿನ ಮಾತು: "ಅಯ್ಯೋ, ಅಲ್ಲಿಗೆ ಮಾತ್ರ ಹಾಕ್ಬೇಡಿ."

ಕಾರ್ಡನ್ನೂ ನಂಬಬೇಡಿ, ಗುಂಪನ್ನೂ ನಂಬಬೇಡಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. "ಚಾರ್ಟರ್ ಒಳ್ಳೆಯದಾ, ಡಿಸ್ಟ್ರಿಕ್ಟ್ ಒಳ್ಳೆಯದಾ?" ಎಂಬ ಪ್ರಶ್ನೆಗೆ ಬರುವ ಉತ್ತರದಿಂದ ಪೋಷಕರಿಗೆ ಏನೂ ಉಪಯೋಗವಿಲ್ಲ. ಇಂಥ ಬೀದಿಯ ಇಂಥ ಶಾಲೆ, ಅದರ ಎದುರಿಗೆ ಇನ್ನೊಂದು ಶಾಲೆ, ಹೀಗೆ ಹೆಸರು ಹಿಡಿದು ಹೋಲಿಸಬೇಕು. ಹೋಲಿಸುವಾಗ ಒಂದು ಪ್ರಶ್ನೆ ಎಲ್ಲಕ್ಕಿಂತ ಮುಖ್ಯ: ಕಷ್ಟಪಡುವ ಮಗುವನ್ನು ಈ ಶಾಲೆ ಏನು ಮಾಡುತ್ತದೆ? ಚುರುಕಾದ ಮಗು ಎಲ್ಲಿದ್ದರೂ ಒಂದಿಷ್ಟು ಕಲಿಯುತ್ತದೆ.

ಹೆಜ್ಜೆ 1: ಎರಡೂ ಏನು ಅಂತ ತಿಳಿದುಕೊಳ್ಳಿ

ಎರಡೂ ಪಬ್ಲಿಕ್ ಶಾಲೆಗಳೇ. ಎರಡರಲ್ಲೂ ಫೀಸಿಲ್ಲ, ಡೊನೇಷನ್ ಇಲ್ಲ, ಧರ್ಮದ ಪಾಠವಿಲ್ಲ. ಎರಡೂ ಸರ್ಕಾರದ ದುಡ್ಡಿನಿಂದ ನಡೆಯುತ್ತವೆ. ಡಿಸ್ಟ್ರಿಕ್ಟ್ ಶಾಲೆಯನ್ನು ನಗರದ ಶಿಕ್ಷಣ ಇಲಾಖೆ ನಡೆಸುತ್ತದೆ. ಚಾರ್ಟರ್ ಶಾಲೆಯನ್ನು ನಡೆಸುವುದು ಒಂದು ಖಾಸಗಿ, ಲಾಭರಹಿತ ಆಡಳಿತ ಮಂಡಳಿ.

ಕರ್ನಾಟಕದ ಅನುದಾನಿತ ಶಾಲೆಗಳನ್ನು ನೆನಪಿಸಿಕೊಂಡರೆ ಅರ್ಧ ಅರ್ಥವಾಗುತ್ತದೆ. ಸಂಬಳದ ಹಣ ಸರ್ಕಾರದ್ದು, ಆಡಳಿತ ಮ್ಯಾನೇಜ್‌ಮೆಂಟಿನದ್ದು. ಆದರೆ ಇಲ್ಲಿ ಎರಡು ವ್ಯತ್ಯಾಸಗಳಿವೆ. ಚಾರ್ಟರ್ ಶಾಲೆ ತನಗೆ ಬೇಕಾದ ಮಕ್ಕಳನ್ನು ಆರಿಸಿಕೊಳ್ಳುವ ಹಾಗಿಲ್ಲ. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಲಾಟರಿ ಎತ್ತಲೇಬೇಕು. ಇನ್ನೊಂದು, ಅದಕ್ಕೆ ಸಿಗುವ ಅನುಮತಿ ಹೆಚ್ಚೆಂದರೆ 5 ವರ್ಷದ್ದು. ಅವಧಿ ಮುಗಿದಾಗ ಅನುಮತಿ ಕೊಟ್ಟವರು ಫಲಿತಾಂಶ ನೋಡಿ ಮುಂದುವರಿಸುತ್ತಾರೆ, ಇಲ್ಲವೇ ಬೀಗ ಹಾಕಿಸುತ್ತಾರೆ.

ಈ ಪದ್ಧತಿಗೆ ಮೊದಲು ಕಾನೂನು ಮಾಡಿದ್ದು 1991ರಲ್ಲಿ ಮಿನೆಸೋಟ ರಾಜ್ಯ. ನ್ಯೂಯಾರ್ಕ್ ರಾಜ್ಯದಲ್ಲಿ ಕಾನೂನು ಬಂದದ್ದು 1998ರ ಕೊನೆಗೆ. ಈಗ ನಗರದ ಪಬ್ಲಿಕ್ ಶಾಲೆಗಳಿಗೆ ಹೋಗುವ ಮಕ್ಕಳಲ್ಲಿ ಹೆಚ್ಚುಕಡಿಮೆ ಏಳರಲ್ಲಿ ಒಬ್ಬರು ಚಾರ್ಟರ್‌ನಲ್ಲಿದ್ದಾರೆ. ಹಾರ್ಲೆಮ್, ಸೌತ್ ಬ್ರಾಂಕ್ಸ್‌ನಂಥ ಕಡೆ ಈ ಪಾಲು ಇನ್ನೂ ದೊಡ್ಡದು.

ಶಿಕ್ಷಕರ ವಿಷಯದಲ್ಲೂ ವ್ಯತ್ಯಾಸವಿದೆ. ಡಿಸ್ಟ್ರಿಕ್ಟ್ ಶಾಲೆಯ ಶಿಕ್ಷಕರು ಯೂನಿಯನ್ ಸದಸ್ಯರು, ಅವರ ಕೆಲಸದ ಗಂಟೆ ಒಪ್ಪಂದದಲ್ಲಿ ಬರೆದಿರುತ್ತದೆ. ಬಹುಪಾಲು ಚಾರ್ಟರ್‌ಗಳಲ್ಲಿ ಯೂನಿಯನ್ ಇಲ್ಲ. ದಿನ ಉದ್ದ, ಶಿಕ್ಷಕರು ಚಿಕ್ಕ ವಯಸ್ಸಿನವರು, ಬಿಟ್ಟು ಹೋಗುವವರೂ ಜಾಸ್ತಿ. ಹಾಗೆಯೇ, ಡಿಸ್ಟ್ರಿಕ್ಟ್ ಶಾಲೆಗಳಲ್ಲಿ ತರಗತಿಯ ಗಾತ್ರಕ್ಕೆ ಮಿತಿ ಹಾಕುವ ರಾಜ್ಯದ ಕಾನೂನು 2022ರಲ್ಲಿ ಬಂದಿದೆ. ಕಿಂಡರ್‌ಗಾರ್ಟನ್‌ನಿಂದ 3ನೇ ತರಗತಿವರೆಗೆ 20 ಮಕ್ಕಳು, 8ರವರೆಗೆ 23, ಹೈಸ್ಕೂಲಿನಲ್ಲಿ 25. ಹಂತಹಂತವಾಗಿ ಜಾರಿಯಾಗುತ್ತಿದೆ. ಚಾರ್ಟರ್‌ಗಳಿಗೆ ಇದು ಅನ್ವಯಿಸುವುದಿಲ್ಲ. ಹಾಗಾಗಿ ಎರಡೂ ಕಡೆ "ಒಂದು ಕ್ಲಾಸಲ್ಲಿ ಎಷ್ಟು ಮಕ್ಕಳು?" ಎಂದು ಕೇಳಿ.

ಹೆಜ್ಜೆ 2: ತಾರೀಕು ಬರೆದಿಟ್ಟುಕೊಳ್ಳಿ, ಎರಡಕ್ಕೂ ಅರ್ಜಿ ಹಾಕಿ

ಮಗುವಿಗೆ ಯಾವ ಕ್ಯಾಲೆಂಡರ್ ವರ್ಷದಲ್ಲಿ 5 ತುಂಬುತ್ತದೋ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಕಿಂಡರ್‌ಗಾರ್ಟನ್ ಶುರು. ಡಿಸೆಂಬರ್ 31ಕ್ಕೆ ಹುಟ್ಟಿದ ಮಗುವೂ ಅದೇ ಲೆಕ್ಕದಲ್ಲಿ ಬರುತ್ತದೆ. ಊರಲ್ಲಿ ಜೂನ್ ಲೆಕ್ಕ ಹಿಡಿದು "ಇನ್ನೊಂದು ವರ್ಷ ಇದೆ" ಅಂತ ಕೂತವರು ಇಲ್ಲಿ ಎಡವುತ್ತಾರೆ. ಕೆಲವು ಚಾರ್ಟರ್‌ಗಳು ಬೇರೆ ತಾರೀಕು ಇಟ್ಟುಕೊಂಡಿರಬಹುದು, ಕೇಳಿಕೊಳ್ಳಿ.

ಡಿಸ್ಟ್ರಿಕ್ಟ್ ಶಾಲೆಗೆ ಅರ್ಜಿ ಹಾಕುವುದು ನಗರದ ಮೈಸ್ಕೂಲ್ಸ್ ಜಾಲತಾಣದಲ್ಲಿ, ಚಳಿಗಾಲದಲ್ಲಿ. 12 ಶಾಲೆಗಳವರೆಗೆ ಇಷ್ಟದ ಕ್ರಮದಲ್ಲಿ ಹಾಕಬಹುದು. ಹೊತ್ತಿಗೆ ಸರಿಯಾಗಿ ಹಾಕಿದವರಿಗೆ ಒಂದಲ್ಲ ಒಂದು ಶಾಲೆ ಸಿಕ್ಕೇ ಸಿಗುತ್ತದೆ. ನಿಮ್ಮ ಮನೆ ವಿಳಾಸಕ್ಕೆ ಸೇರಿದ ಶಾಲೆ ಯಾವುದು ಅಂತ ತಿಳಿಯಲು ನಗರದ ಸಹಾಯವಾಣಿ 311ಕ್ಕೆ ಫೋನ್ ಮಾಡಿದರೂ ಸಾಕು. ಆ ಶಾಲೆಯಲ್ಲಿ ನಿಮ್ಮ ಮಗುವಿಗೆ ಆದ್ಯತೆ ಇರುತ್ತದೆ. ಆದರೆ ಸೌತ್ ಬ್ರಾಂಕ್ಸ್‌ನ 7ನೇ ಡಿಸ್ಟ್ರಿಕ್ಟ್ (ಶಾಲೆಗಳಿಗಾಗಿ ನಗರವನ್ನು ಹಂಚಿದ ವಿಭಾಗ), ಬ್ರೌನ್ಸ್‌ವಿಲ್‌ನ 23ನೇ ಡಿಸ್ಟ್ರಿಕ್ಟ್, ಮ್ಯಾನ್‌ಹಟನ್‌ನ ಲೋವರ್ ಈಸ್ಟ್ ಸೈಡ್ ಇರುವ 1ನೇ ಡಿಸ್ಟ್ರಿಕ್ಟ್‌ನಲ್ಲಿ ಪ್ರಾಥಮಿಕ ಶಾಲೆಗೆ ಹೀಗೆ ವಿಳಾಸ ನೋಡಿ ಶಾಲೆ ಗೊತ್ತುಮಾಡುವ ಝೋನ್ ಎನ್ನುವುದೇ ಇಲ್ಲ. ಅಲ್ಲಿದ್ದರೆ ನೀವೇ ಆರಿಸಬೇಕು. ಸುಮ್ನೆ ಕಾದರೆ ದೂರದ ಶಾಲೆ ಗಂಟುಬೀಳುತ್ತದೆ.

ಚಾರ್ಟರ್‌ನದ್ದು ಬೇರೆಯೇ ಅರ್ಜಿ. ರಾಜ್ಯದ ನಿಯಮದಂತೆ ಏಪ್ರಿಲ್ 1ಕ್ಕಿಂತ ಮೊದಲು ಅರ್ಜಿ ಮುಚ್ಚುವ ಹಾಗಿಲ್ಲ. ಆಮೇಲೆ ಲಾಟರಿ. ಅಣ್ಣನೋ ಅಕ್ಕನೋ ಅಲ್ಲೇ ಓದುತ್ತಿದ್ದರೆ ಆದ್ಯತೆ, ಅದೇ ಡಿಸ್ಟ್ರಿಕ್ಟ್‌ನಲ್ಲಿ ಮನೆ ಇದ್ದರೆ ಆದ್ಯತೆ. ನಗರದಲ್ಲಿ ಇಂಥ 32 ಡಿಸ್ಟ್ರಿಕ್ಟ್‌ಗಳಿವೆ. ರಸ್ತೆ ದಾಟಿದರೆ ಬೇರೆ ಡಿಸ್ಟ್ರಿಕ್ಟ್ ಆಗಿರಬಹುದು, ಮನೆ ಬದಲಾಯಿಸುವ ಯೋಚನೆ ಇದ್ದರೆ ಇದನ್ನು ನೋಡಿಕೊಳ್ಳಿ.

ಎರಡೂ ಅರ್ಜಿ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಡಿಸ್ಟ್ರಿಕ್ಟ್ ಸೀಟು ಒಪ್ಪಿಕೊಂಡು ಚಾರ್ಟರ್‌ನ ವೇಟ್‌ಲಿಸ್ಟ್‌ನಲ್ಲೂ ಇರಬಹುದು. "ಲಾಟರಿ ಬರುತ್ತೆ ಬಿಡಿ" ಅಂತ ಮೈಸ್ಕೂಲ್ಸ್ ಅರ್ಜಿಯನ್ನೇ ಬಿಟ್ಟುಬಿಡಬೇಡಿ.

ಹೆಜ್ಜೆ 3: ಕಾಗದ ಪತ್ರ, ಅದರಲ್ಲೂ ಲಸಿಕೆ ಕಾರ್ಡು

ಜನನ ಪ್ರಮಾಣಪತ್ರ ಅಥವಾ ಪಾಸ್‌ಪೋರ್ಟ್, ವಿಳಾಸದ ಪುರಾವೆ, ಲಸಿಕೆಯ ದಾಖಲೆ. ಇಷ್ಟೇ. ವೀಸಾ ಏನು, ಯಾವಾಗ ಬಂದಿರಿ ಎಂದು ಶಾಲೆ ಕೇಳಬಾರದು. ವಲಸೆ ಕಾಗದ ಇಲ್ಲದ ಮಗುವಿಗೂ ಪಬ್ಲಿಕ್ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಮನೆ ಸಿಗದೆ ನೆಂಟರ ಮನೆಯಲ್ಲಿ ಒತ್ತೊತ್ತಾಗಿ ಇದ್ದೀರಾ? ಅದನ್ನು ಮುಚ್ಚಿಡಬೇಡಿ. ಕಷ್ಟಕ್ಕೆ ಸಿಕ್ಕಿ ಹಾಗೆ ಇರುವವರ ಮಕ್ಕಳನ್ನು ಕಾಗದ ಪೂರ್ತಿ ಇಲ್ಲದಿದ್ದರೂ ತಕ್ಷಣ ಸೇರಿಸಿಕೊಳ್ಳಬೇಕು ಎಂದು ಕಾನೂನಿದೆ.

ಲಸಿಕೆ ವಿಷಯದಲ್ಲಿ ನಮ್ಮವರಿಗೆ ಬರುವ ತೊಡಕೇ ಬೇರೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾಕಿಸಿದ ಕಾರ್ಡಿನಲ್ಲಿ ಎಲ್ಲ ಕಾಲಂ ತುಂಬಿರುತ್ತದೆ. ಆದರೂ ಇಲ್ಲಿ ಸಾಲದು ಅನ್ನುತ್ತಾರೆ. ಸರ್ಕಾರಿ ಪಟ್ಟಿಯಲ್ಲಿ ಕೊಡುವುದು ದಡಾರ ಮತ್ತು ರುಬೆಲ್ಲಾ ಲಸಿಕೆ. ಮಂಗನಬಾವಿನದ್ದು ಅದರಲ್ಲಿ ಸೇರಿಲ್ಲ. ಚಿಕನ್ ಪಾಕ್ಸ್ ಲಸಿಕೆ ಪಟ್ಟಿಯಲ್ಲೇ ಇಲ್ಲ, ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ಹಾಕಿಸಿದವರಿಗೆ ಮಾತ್ರ ಇರುತ್ತದೆ. ನ್ಯೂಯಾರ್ಕ್‌ನಲ್ಲಿ ಇವೆರಡೂ ಕಡ್ಡಾಯ, ಡೋಸ್‌ಗಳ ನಡುವೆ ಅಂತರವೂ ಬೇಕು. ಧಾರ್ಮಿಕ ಕಾರಣ ಕೊಟ್ಟು ತಪ್ಪಿಸಿಕೊಳ್ಳುವ ದಾರಿಯನ್ನು 2019ರಲ್ಲಿ ತೆಗೆದುಹಾಕಿದ್ದಾರೆ. ಹಾಗಾಗಿ ಬೇಸಿಗೆಯ ಕೊನೆಗೆ ಓಡಾಡುವ ಬದಲು ವಸಂತದಲ್ಲೇ ಮಕ್ಕಳ ಡಾಕ್ಟರ ಹತ್ತಿರ ಕಾರ್ಡು ತೋರಿಸಿ. ಚಾರ್ಟರ್‌ಗೂ ಡಿಸ್ಟ್ರಿಕ್ಟ್‌ಗೂ ಇದು ಒಂದೇ.

ಹೆಜ್ಜೆ 4: ಅಂಕಿಗಳನ್ನು ಓದಿ, ಆದರೆ ಹಿಂದುಮುಂದು ನೋಡಿ ಓದಿ

ಇಲ್ಲೇ ಸ್ವಲ್ಪ ನಿಲ್ಲಬೇಕು. 3ನೇ ತರಗತಿಯಿಂದ 8ರವರೆಗೆ ಪ್ರತಿ ವರ್ಷ ರಾಜ್ಯದ ಇಂಗ್ಲಿಷ್ ಮತ್ತು ಗಣಿತ ಪರೀಕ್ಷೆ ನಡೆಯುತ್ತದೆ. ಫಲಿತಾಂಶ 1ರಿಂದ 4ರ ಮಟ್ಟದಲ್ಲಿ ಬರುತ್ತದೆ. 3 ಮತ್ತು 4 ಬಂದವರು ಪಾಸಾದಂತೆ. ಚಾರ್ಟರ್ ಕಳಿಸುವ ಕಾರ್ಡಿನಲ್ಲಿ ಇರುವ ದೊಡ್ಡ ಶೇಕಡಾ ಇದೇ. ನ್ಯೂಯಾರ್ಕ್‌ನ ಕೆಲವು ಚಾರ್ಟರ್ ಬಳಗಗಳ ಅಂಕ ನಿಜಕ್ಕೂ ಬೆರಗು ಹುಟ್ಟಿಸುತ್ತದೆ. 2006ರಲ್ಲಿ ಹಾರ್ಲೆಮ್‌ನಲ್ಲಿ ಇವಾ ಮಾಸ್ಕೊವಿಟ್ಜ್ ಶುರು ಮಾಡಿದ ಸಕ್ಸೆಸ್ ಅಕಾಡೆಮಿಯ ಮಕ್ಕಳು ಸಿರಿವಂತ ಉಪನಗರಗಳ ಮಕ್ಕಳಿಗಿಂತ ಮುಂದಿರುತ್ತಾರೆ. ಅದು ಸುಳ್ಳಲ್ಲ. ಆದರೆ ಆ ಶೇಕಡಾ ಯಾವ ಮಕ್ಕಳದ್ದು ಅಂತ ನೋಡಬೇಕು.

ರಾಜ್ಯ ಶಿಕ್ಷಣ ಇಲಾಖೆಯ ಜಾಲತಾಣದಲ್ಲಿ ಪ್ರತಿ ಶಾಲೆಯ ವರದಿ ಇದೆ, ಚಾರ್ಟರ್‌ನದ್ದೂ ಸೇರಿ. ಅಲ್ಲಿ ಪರೀಕ್ಷೆಯ ಪುಟಕ್ಕೆ ಹೋಗುವ ಮೊದಲು ದಾಖಲಾತಿಯ ಪುಟ ತೆಗೆಯಿರಿ. ಯಾವ ತರಗತಿಯಲ್ಲಿ ಎಷ್ಟು ಮಕ್ಕಳು ಎಂದು ಅಲ್ಲಿ ಬರೆದಿರುತ್ತದೆ. ಉದಾಹರಣೆಗೆ ಒಂದು ಶಾಲೆಯಲ್ಲಿ ಈ ವರ್ಷ 5ನೇ ತರಗತಿಯಲ್ಲಿ 60 ಮಕ್ಕಳಿದ್ದಾರೆ ಅನ್ನಿ. ಐದು ವರ್ಷ ಹಿಂದಿನ ವರದಿ ತೆಗೆದು ನೋಡಿದರೆ ಇದೇ ತಂಡ ಕಿಂಡರ್‌ಗಾರ್ಟನ್‌ನಲ್ಲಿ 100 ಇತ್ತು. ಉಳಿದ 40 ಮಕ್ಕಳು ಎಲ್ಲಿ ಹೋದರು? ಬಡ ಬಡಾವಣೆಗಳಲ್ಲಿ ಜನ ಮನೆ ಬದಲಾಯಿಸುತ್ತಲೇ ಇರುತ್ತಾರೆ, ಡಿಸ್ಟ್ರಿಕ್ಟ್ ಶಾಲೆಯಿಂದಲೂ ಮಕ್ಕಳು ಹೋಗುತ್ತಾರೆ. ಆದರೆ ಅಲ್ಲಿ ಹೋದವರ ಜಾಗಕ್ಕೆ ನವೆಂಬರ್‌ನಲ್ಲಿ ಬಂದವರನ್ನೂ ಫೆಬ್ರುವರಿಯಲ್ಲಿ ಬಂದವರನ್ನೂ ತುಂಬುತ್ತಾರೆ. ನಿನ್ನೆ ತಾನೇ ವಿಮಾನ ಇಳಿದ ಮಗು, ಮನೆ ಇಲ್ಲದವರ ಶೆಲ್ಟರ್‌ನಲ್ಲಿರುವ ಮಗು, ಎಲ್ಲರೂ ಬರುತ್ತಾರೆ. ಕೆಲವು ಚಾರ್ಟರ್‌ಗಳು ಒಂದು ತರಗತಿ ದಾಟಿದ ಮೇಲೆ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ. ಸಕ್ಸೆಸ್ ಅಕಾಡೆಮಿ ಹಲವು ವರ್ಷ 4ನೇ ತರಗತಿಯಾಚೆ ಹೊಸಬರನ್ನು ಸೇರಿಸಿಕೊಳ್ಳದ ಪದ್ಧತಿ ಇಟ್ಟುಕೊಂಡಿತ್ತು. ಕೊನೆಗೆ ಉಳಿಯುವುದು ಆ ಶಾಲೆಗೆ ಒಗ್ಗಿದ ಮಕ್ಕಳು. ಅವರ ಅಂಕವನ್ನು ಎಲ್ಲರನ್ನೂ ತುಂಬಿಕೊಳ್ಳುವ ಶಾಲೆಯ ಅಂಕದ ಪಕ್ಕ ಇಟ್ಟರೆ ನ್ಯಾಯವಾಗುತ್ತದಾ?

ಇನ್ನು ಮೂರು ಅಂಕಿ ನೋಡಿ. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಶೇಕಡಾ ಎಷ್ಟು, ಅಂಗವೈಕಲ್ಯ ಅಥವಾ ಕಲಿಕೆಯ ತೊಂದರೆ ಇರುವವರು ಎಷ್ಟು, ವರ್ಷದಲ್ಲಿ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ದಿನ ಶಾಲೆ ತಪ್ಪಿಸುವವರು ಎಷ್ಟು. ಪಕ್ಕಪಕ್ಕದ ಎರಡು ಶಾಲೆಗಳಲ್ಲಿ ಈ ಅಂಕಿಗಳು ಹತ್ತಿರ ಇದ್ದು ಒಂದರ ಅಂಕ ಬಹಳ ಮೇಲಿದ್ದರೆ, ಅದು ಚಾರ್ಟರ್ ಆಗಿರಲಿ ಡಿಸ್ಟ್ರಿಕ್ಟ್ ಆಗಿರಲಿ, ಅಲ್ಲಿ ಏನೋ ಒಳ್ಳೆಯ ಕೆಲಸ ನಡೆಯುತ್ತಿದೆ ಎಂದು ತಿಳಿಯಿರಿ.

ಸಂಶೋಧನೆ ಏನು ಹೇಳುತ್ತದೆ ಎಂದು ಕೇಳುವವರಿಗೆ ಎರಡು ಮಾತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೋ ಕೇಂದ್ರ 2009ರಲ್ಲಿ ಹಲವು ರಾಜ್ಯಗಳನ್ನು ನೋಡಿತು. ಗಣಿತದಲ್ಲಿ ಶೇ. 17 ಚಾರ್ಟರ್‌ಗಳು ಡಿಸ್ಟ್ರಿಕ್ಟ್ ಶಾಲೆಗಿಂತ ಮೇಲು, ಶೇ. 37 ಕೀಳು, ಉಳಿದವುಗಳಲ್ಲಿ ವ್ಯತ್ಯಾಸವೇ ಇಲ್ಲ. ಅದೇ ಕೇಂದ್ರ 2015ರಲ್ಲಿ ನಗರ ಪ್ರದೇಶಗಳನ್ನಷ್ಟೇ ತೆಗೆದುಕೊಂಡಾಗ ಚಿತ್ರ ಬದಲಾಯಿತು. ನಗರದ ಚಾರ್ಟರ್ ಮಕ್ಕಳು ವರ್ಷಕ್ಕೆ ಗಣಿತದಲ್ಲಿ 40 ದಿನದಷ್ಟು, ಓದಿನಲ್ಲಿ 28 ದಿನದಷ್ಟು ಹೆಚ್ಚು ಕಲಿತಿದ್ದರು. ಬಡ ಕಪ್ಪು ಮತ್ತು ಲ್ಯಾಟಿನೋ ಮಕ್ಕಳಿಗೆ ಲಾಭ ಇನ್ನೂ ಜಾಸ್ತಿ. ಬಾಸ್ಟನ್‌ನಲ್ಲಿ ಲಾಟರಿ ಗೆದ್ದವರನ್ನೂ ಸೋತವರನ್ನೂ ಹೋಲಿಸಿದ ಅಧ್ಯಯನಗಳಲ್ಲೂ ದೊಡ್ಡ ಲಾಭ ಕಂಡಿತು. ಲಾಟರಿಯಿಂದ ಹೋಲಿಸಿದ್ದರಿಂದ "ಆಸಕ್ತಿ ಇರುವ ಅಪ್ಪ ಅಮ್ಮನ ಮಕ್ಕಳು, ಅದಕ್ಕೇ ಮುಂದೆ" ಎನ್ನುವ ವಾದ ಅಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ಹಾಗಾಗಿ ಬಡ ಬಡಾವಣೆಯ ಚಾರ್ಟರ್‌ಗಳೆಲ್ಲ ಬರೀ ಜಾಹೀರಾತು ಎಂದು ಮೂಗು ಮುರಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಇದೆಲ್ಲ ಸರಾಸರಿ. ನಿಮ್ಮ ಮಗು ಹೋಗುವುದು ಸರಾಸರಿ ಶಾಲೆಗಲ್ಲ.

ಹೆಜ್ಜೆ 5: ಹೋಗಿ ನೋಡಿ

ಎರಡೂ ಶಾಲೆಗೆ ಹೋಗಿ. ನ್ಯೂಯಾರ್ಕ್‌ನಲ್ಲಿ ಎಷ್ಟೋ ಕಡೆ ಇದು ಒಂದೇ ಕಟ್ಟಡ. ಇಟ್ಟಿಗೆಯ ಹಳೇ ಕಟ್ಟಡದ ಮೂರನೇ ಮಹಡಿ ಚಾರ್ಟರ್‌ಗೆ, ಕೆಳಗಿನ ಎರಡು ಡಿಸ್ಟ್ರಿಕ್ಟ್‌ಗೆ. ಮೇಲೆ ಹೊಸ ಬಣ್ಣ, ಗೋಡೆಗೆ ಕಾಲೇಜುಗಳ ಬಾವುಟ. ಕೆಳಗೆ ಹಳೇ ನೆಲ, ಮಕ್ಕಳ ಚಿತ್ರಗಳು. ಊಟದ ಹಾಲ್, ಜಿಮ್ಮು, ಆಟದ ಅಂಗಳ ಮಾತ್ರ ಪಾಳಿಯಲ್ಲಿ. ಯಾರ ಪಾಳಿ ಎಷ್ಟು ಹೊತ್ತಿಗೆ ಎಂದು ಕೇಳಿ. ಬೆಳಗ್ಗೆ ಹತ್ತೂವರೆಗೇ ಮಧ್ಯಾಹ್ನದ ಊಟ ಕೊಡುವ ಶಾಲೆಗಳಿವೆ!

ಬಣ್ಣ ನೋಡಿ ಮರುಳಾಗಬೇಡಿ. ಪೋಷಕರನ್ನು ಕರೆದು ಶಾಲೆ ತೋರಿಸುವ ಓಪನ್ ಹೌಸ್‌ನಲ್ಲಿ ಎಲ್ಲರೂ ಚೆನ್ನಾಗೇ ಮಾತಾಡುತ್ತಾರೆ. ಅದರ ಬದಲು ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತು ಅರ್ಧ ಗಂಟೆ ನೋಡಿ. ಮಕ್ಕಳನ್ನು ಕರೆದುಕೊಂಡು ಹೋಗಲು ಬಂದ ಅಮ್ಮಂದಿರನ್ನು, ಅಜ್ಜಿಯರನ್ನು ಮಾತಾಡಿಸಿ. "ಕಳೆದ ವರ್ಷದ ಟೀಚರ್ ಈಗಲೂ ಇದ್ದಾರಾ?" ಎಂಬ ಒಂದು ಪ್ರಶ್ನೆಗೆ ಬರುವ ಉತ್ತರದಿಂದ ಎಷ್ಟೋ ಗೊತ್ತಾಗುತ್ತದೆ.

ಒಳಗೆ ಹೋದಾಗ ಕಾರಿಡಾರ್ ನೋಡಿ. ಕೆಲವು ಚಾರ್ಟರ್‌ಗಳಲ್ಲಿ ಮಕ್ಕಳು ತುಟಿಪಿಟಿಕ್ ಅನ್ನದೆ ಸಾಲಾಗಿ ನಡೆಯಬೇಕು, ಕೈಕಟ್ಟಿ ನೆಟ್ಟಗೆ ಕೂರಬೇಕು, ಟೀಚರ್ ಮಾತಾಡುವಾಗ ಕಣ್ಣು ಅವರ ಮೇಲೇ ಇರಬೇಕು. ನಮ್ಮ ಪೋಷಕರಿಗೆ ಇದು ಇಷ್ಟವಾಗಿಬಿಡುತ್ತದೆ, "ಶಿಸ್ತು ಇದೆ" ಅಂತ. ಕೆಲವು ಮಕ್ಕಳಿಗೆ ಒಗ್ಗುತ್ತದೆ ಕೂಡ. ಆದರೆ ಐದು ವರ್ಷದ ಚಡಪಡಿಸುವ ಹುಡುಗನಿಗೆ ಅದು ದಿನಾ ಶಿಕ್ಷೆ. ಈ ಕಟ್ಟುನಿಟ್ಟಿನ ಪದ್ಧತಿಯನ್ನು ಚಾರ್ಟರ್ ಬಳಗದವರೇ ಈಗ ಮತ್ತೆ ಯೋಚಿಸುತ್ತಿದ್ದಾರೆ. ದೊಡ್ಡ ಬಳಗಗಳಲ್ಲಿ ಒಂದಾದ ಕಿಪ್, ಕಷ್ಟಪಟ್ಟು ಓದು, ಒಳ್ಳೆಯವನಾಗಿರು ಎಂಬ ಅರ್ಥದ ತನ್ನ ಹಳೆಯ ಘೋಷವಾಕ್ಯವನ್ನೇ 2020ರಲ್ಲಿ ಕೈಬಿಟ್ಟಿತು.

ಡಿಸ್ಟ್ರಿಕ್ಟ್ ಶಾಲೆಗಳಿಗೆಲ್ಲ ನಗರದ ಒಂದೇ ಶಿಸ್ತು ಸಂಹಿತೆ ಇದೆ. ಚಾರ್ಟರ್‌ಗಳಲ್ಲಿ ಒಂದೊಂದರದ್ದು ಒಂದೊಂದು. ಅದನ್ನು ಕೇಳಿ ಪಡೆದು ಓದಿ. ಆಮೇಲೆ ನೇರವಾಗಿ ಕೇಳಿ:

ಕಿಂಡರ್‌ಗಾರ್ಟನ್ ಮಗುವನ್ನು ಸಸ್ಪೆಂಡ್ ಮಾಡುತ್ತೀರಾ? ಮಗು ಗಲಾಟೆ ಮಾಡಿದರೆ ಮಧ್ಯಾಹ್ನ ಫೋನ್ ಮಾಡಿ ಮನೆಗೆ ಕರೆದುಕೊಂಡು ಹೋಗಿ ಅನ್ನುತ್ತೀರಾ? ಹಿಂದೆ ಬಿದ್ದ ಮಗುವನ್ನು ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸುತ್ತೀರಾ? ಕಳೆದ ವರ್ಷ ಮಧ್ಯದಲ್ಲಿ ಬಿಟ್ಟು ಹೋದವರು ಎಷ್ಟು?

ಎರಡನೇ ಪ್ರಶ್ನೆ ಬಹಳ ಮುಖ್ಯ. ದಿನಗೂಲಿ ಕೆಲಸದಲ್ಲಿರುವ ಅಮ್ಮನಿಗೆ ವಾರಕ್ಕೆ ಮೂರು ಸಲ ಹೀಗೆ ಫೋನ್ ಬಂದರೆ ಅವಳೇ ಬೇಸತ್ತು ಮಗುವನ್ನು ಬಿಡಿಸುತ್ತಾಳೆ. ಯಾರೂ ಹೊರಗೆ ಹಾಕಿದಂತಾಗಲಿಲ್ಲ, ದಾಖಲೆಯಲ್ಲಿ "ಪೋಷಕರ ಇಚ್ಛೆ". 2015ರಲ್ಲಿ ಬ್ರೂಕ್ಲಿನ್‌ನ ಸಕ್ಸೆಸ್ ಅಕಾಡೆಮಿ ಶಾಲೆಯೊಂದರಲ್ಲಿ ಹೊರಗೆ ಕಳಿಸಬೇಕಾದ 16 ಮಕ್ಕಳ ಪಟ್ಟಿಯನ್ನೇ ಮಾಡಿದ್ದರೆಂದು ನ್ಯೂಯಾರ್ಕ್ ಟೈಮ್ಸ್ ಬರೆದಿತ್ತು. ಅದು ಪ್ರಿನ್ಸಿಪಾಲರೊಬ್ಬರ ತಪ್ಪು ಎಂದು ಸಂಸ್ಥೆ ಹೇಳಿತು. ಎಲ್ಲ ಕಡೆ ಹೀಗೆ ಎಂದಲ್ಲ, ಆದರೆ ಕೇಳುವುದರಲ್ಲಿ ಸಂಕೋಚ ಬೇಡ. ಡಿಸ್ಟ್ರಿಕ್ಟ್ ಶಾಲೆಯಲ್ಲೂ ಇದನ್ನೇ ಕೇಳಿ. ಅಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ: ಪ್ರಿನ್ಸಿಪಾಲ್ ಬಂದು ಎಷ್ಟು ವರ್ಷ ಆಯಿತು? ಬಡ ಬಡಾವಣೆಯ ಡಿಸ್ಟ್ರಿಕ್ಟ್ ಶಾಲೆ ನೆಟ್ಟಗೆ ನಡೆಯುತ್ತಿದ್ದರೆ ಅದರ ಹಿಂದೆ ಗಟ್ಟಿಯಾಗಿ ನೆಲೆ ನಿಂತ ಪ್ರಿನ್ಸಿಪಾಲ್ ಇದ್ದೇ ಇರುತ್ತಾರೆ ಎನ್ನುವುದು ನನ್ನ ಅನಿಸಿಕೆ.

ಹೆಜ್ಜೆ 6: ಮನೆಮಾತಿನ ಫಾರಂನಲ್ಲಿ ನಿಜ ಬರೆಯಿರಿ

ಸೇರಿಸುವ ದಿನ ಒಂದು ಫಾರಂ ಕೊಡುತ್ತಾರೆ. ಮಗುವಿಗೆ ಮನೆಯಲ್ಲಿ ಅರ್ಥವಾಗುವ ಭಾಷೆ ಯಾವುದು, ಮಾತಾಡುವ ಭಾಷೆ ಯಾವುದು, ಓದುವುದು ಯಾವುದು, ಬರೆಯುವುದು ಯಾವುದು. ನಮ್ಮವರು ಬಹಳ ಜನ ಎಲ್ಲಕ್ಕೂ "ಇಂಗ್ಲಿಷ್" ಎಂದು ಗುರುತು ಹಾಕುತ್ತಾರೆ. ಕನ್ನಡ ಅಂದರೆ ಮಗುವನ್ನು ದಡ್ಡರ ಕ್ಲಾಸಿಗೆ ಹಾಕುತ್ತಾರೆ ಎಂಬ ಭಯ. ಹಾಗೇನಿಲ್ಲ. ಕನ್ನಡ ಎಂದು ಬರೆದರೆ ಶಾಲೆಯವರು ಮಗುವಿನ ಜೊತೆ ಮಾತಾಡಿ ನೋಡುತ್ತಾರೆ, ಬೇಕಾದರೆ ಒಂದು ಚಿಕ್ಕ ಪರೀಕ್ಷೆ ಮಾಡುತ್ತಾರೆ. ಇಂಗ್ಲಿಷ್ ಚೆನ್ನಾಗಿ ಬಂದರೆ ಅಲ್ಲಿಗೆ ಮುಗಿಯಿತು. ಬರದಿದ್ದರೆ ಇಂಗ್ಲಿಷ್ ಕಲಿಸಲು ತರಬೇತಿ ಪಡೆದ ಟೀಚರ ನೆರವು ಸಿಗುತ್ತದೆ, ಪ್ರತಿ ವಸಂತದಲ್ಲಿ ಮತ್ತೆ ಪರೀಕ್ಷೆ ಮಾಡಿ ಸಾಕು ಅನಿಸಿದಾಗ ನಿಲ್ಲಿಸುತ್ತಾರೆ. ಸುಳ್ಳು ಬರೆದರೆ ಈ ನೆರವು ತಪ್ಪಿಹೋಗುತ್ತದೆ, ಮಗು ಏನೂ ಅರ್ಥವಾಗದೆ ಹಿಂದಿನ ಬೆಂಚಿನಲ್ಲಿ ಕೂರುತ್ತದೆ.

ಚಾರ್ಟರ್‌ಗಳೂ ಈ ನೆರವು ಕೊಡಲೇಬೇಕು. ಆದರೆ ಹೇಗೆ, ವಾರಕ್ಕೆ ಎಷ್ಟು ಹೊತ್ತು ಎನ್ನುವುದರಲ್ಲಿ ಅವರಿಗೆ ಸಡಿಲಿಕೆ ಇದೆ. ಇಂಗ್ಲಿಷ್ ಕಲಿಸುವ ಟೀಚರ್ ಎಷ್ಟು ಜನ, ಎಷ್ಟು ಮಕ್ಕಳಿಗೆ ಎಂದು ಕೇಳಿ.

ನಿಮಗೇ ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೆ ದುಭಾಷಿಯನ್ನು ಕೇಳಿ. ನಗರದ ಫಾರಂಗಳು ಬಂಗಾಳಿಯಲ್ಲಿ, ಉರ್ದುವಿನಲ್ಲಿ ಸಿಗುತ್ತವೆ. ಕನ್ನಡದಲ್ಲಿ ಇಲ್ಲ. ಆದರೆ ಡಿಸ್ಟ್ರಿಕ್ಟ್ ಶಾಲೆಗಳು ಫೋನಿನಲ್ಲಿ ಬೇರೆ ಭಾಷೆಯ ದುಭಾಷಿಯನ್ನು ಕರೆಯಿಸುವ ವ್ಯವಸ್ಥೆ ಇದೆ. ಮೊದಲೇ ತಿಳಿಸಿದರೆ ಒಳ್ಳೆಯದು. ಏಳು ವರ್ಷದ ಮಗಳನ್ನೇ ಮಧ್ಯೆ ನಿಲ್ಲಿಸಿ ಅವಳ ಬಗ್ಗೆಯೇ ಟೀಚರ್ ಹೇಳಿದ್ದನ್ನು ಅನುವಾದ ಮಾಡಿಸಬೇಡಿ. ಅವಳು ತನಗೆ ಬೇಕಾದಷ್ಟೇ ಹೇಳುತ್ತಾಳೆ!

ಹೆಜ್ಜೆ 7: ಕಲಿಕೆಯ ತೊಂದರೆ ಇದ್ದರೆ

ಮಾತು ತಡವಾಗಿದೆ, ಆಟಿಸಂ ಇದೆ, ಒಂದು ಕಡೆ ಕೂರುವುದಿಲ್ಲ. ಊರಲ್ಲಿ ಇಂಥದ್ದನ್ನು ಮುಚ್ಚಿಟ್ಟು ಸೀಟು ಪಡೆಯುವ ಅಭ್ಯಾಸವಿದೆ. ಇಲ್ಲಿ ಹೇಳಿದರೇ ಲಾಭ. ಮೌಲ್ಯಮಾಪನ ಬೇಕೆಂದು ಬರವಣಿಗೆಯಲ್ಲಿ ಕೊಡಿ, ತಾರೀಕು ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಿನ ಕೋರಿಕೆಗೆ ಲೆಕ್ಕವಿಲ್ಲ. ಪರೀಕ್ಷಿಸಿದ ಮೇಲೆ ಮಗುವಿಗೆ ಏನೇನು ನೆರವು ಬೇಕು ಎಂದು ಬರೆದ ಐಇಪಿ ಎಂಬ ದಾಖಲೆ ಸಿಗುತ್ತದೆ. ಅದಕ್ಕೆ ಕಾನೂನಿನ ಬಲವಿದೆ.

ಡಿಸ್ಟ್ರಿಕ್ಟ್ ಶಾಲೆಯಲ್ಲಿ ಈ ಕೆಲಸವನ್ನು ಶಾಲೆಯ ತಂಡವೇ ಮಾಡುತ್ತದೆ. ಚಾರ್ಟರ್ ಮಗುವಿಗೂ ನಗರದ ವಿಶೇಷ ಶಿಕ್ಷಣ ಸಮಿತಿಯೇ ಮಾಡಬೇಕು, ಹಾಗಾಗಿ ಎರಡು ಕಚೇರಿ ಅಲೆಯುವುದು ಬರಬಹುದು. ಎರಡು ಟೀಚರ್ ಇರುವ, ಎಲ್ಲ ಮಕ್ಕಳೂ ಒಟ್ಟಿಗೆ ಕೂರುವ ತರಗತಿ ಚಾರ್ಟರ್‌ಗಳಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಆದರೆ 12 ಮಕ್ಕಳ ಪ್ರತ್ಯೇಕ ಚಿಕ್ಕ ತರಗತಿ ಬೇಕೆಂದು ಐಇಪಿ ಹೇಳಿದರೆ ಅದಿರುವ ಚಾರ್ಟರ್‌ಗಳು ಕಡಿಮೆ. ಇನ್ನೂ ಹೆಚ್ಚಿನ ನೆರವು ಬೇಕಾದ ಮಕ್ಕಳಿಗೆ ನಗರದ 75ನೇ ಡಿಸ್ಟ್ರಿಕ್ಟ್ ಎಂಬ, ಆ 32ಕ್ಕೆ ಸೇರದ ಪ್ರತ್ಯೇಕ ವ್ಯವಸ್ಥೆ ಇದೆ. "ನಮ್ಮಲ್ಲಿ ಆ ಸೌಲಭ್ಯ ಇಲ್ಲ, ಬೇರೆ ಕಡೆ ನೋಡ್ಕೊಳ್ಳಿ" ಎಂದು ಶಾಲೆ ಹೇಳಿದರೆ ಅದನ್ನು ಬರೆದು ಕೊಡಿ ಅನ್ನಿ. ಆಗ ಮಾತಿನ ಧಾಟಿ ಬದಲಾಗುತ್ತದೆ.

ಹೆಜ್ಜೆ 8: ದಿನಚರಿಗೆ ಹೊಂದುತ್ತದಾ?

ಚಾರ್ಟರ್‌ಗಳ ದಿನ ಉದ್ದ. ಕೆಲಸಕ್ಕೆ ಹೋಗುವವರಿಗೆ ಅನುಕೂಲ. ಆದರೆ ವಾರಕ್ಕೊಂದು ದಿನ ಮಧ್ಯಾಹ್ನಕ್ಕೇ ಬಿಡುವ ಪದ್ಧತಿ ಕೆಲವು ಕಡೆ ಇದೆ. ಆ ದಿನ ಮಗುವನ್ನು ನೋಡಿಕೊಳ್ಳುವವರು ಯಾರು? ಯೂನಿಫಾರ್ಮ್‌ಗೆ ಖರ್ಚು ಎಷ್ಟು, ನೆರವು ಸಿಗುತ್ತದಾ ಅಂತಲೂ ಕೇಳಿ. ಶಾಲಾ ಬಸ್ಸು, ಮೆಟ್ರೋ ಪಾಸು ಚಾರ್ಟರ್ ಮಕ್ಕಳಿಗೂ ದೂರದ ಲೆಕ್ಕದಲ್ಲಿ ಸಿಗುತ್ತದೆ.

ನಗರದ ಶಾಲೆಗಳಲ್ಲಿ 2017ರಿಂದ ಎಲ್ಲ ಮಕ್ಕಳಿಗೂ ಊಟ ಉಚಿತ, ಸಂಬಳದ ಚೀಟಿ ತೋರಿಸಬೇಕಿಲ್ಲ. ಸೋಮವಾರ ಮಾಂಸವಿಲ್ಲದ ಊಟ, 2022ರಿಂದ ಶುಕ್ರವಾರವೂ ಸಸ್ಯಾಹಾರ. ಉಳಿದ ಮೂರು ದಿನ ಶುದ್ಧ ಸಸ್ಯಾಹಾರಿ ಮನೆಯವರು ಡಬ್ಬಿ ಕಟ್ಟುವುದೇ ವಾಸಿ. ಮನೆಯ ಡಬ್ಬಿ ತರಲು ಬಿಡುತ್ತಾರಾ, ಕಡಲೆಕಾಯಿ ಹಾಕಿದ್ದು ತರಬಾರದು ಎಂಬ ನಿಯಮ ಇದೆಯಾ ಎಂದು ತಿಳಿದುಕೊಳ್ಳಿ. ಚಿತ್ರಾನ್ನ ಕಟ್ಟುವವರಿಗೆ ಇದು ದೊಡ್ಡ ಪ್ರಶ್ನೆ.

ಹೆಜ್ಜೆ 9: ಚಾರ್ಟರ್‌ನ ಆಯಸ್ಸು, ದೂರಿನ ದಾರಿ

ಚಾರ್ಟರ್‌ನ ಅನುಮತಿ ಯಾವ ವರ್ಷ ಮುಗಿಯುತ್ತದೆ, ಹಿಂದಿನ ಸಲ ಪೂರ್ತಿ 5 ವರ್ಷಕ್ಕೆ ಸಿಕ್ಕಿತ್ತೋ ಕಡಿಮೆ ಅವಧಿಗೆ ಸಿಕ್ಕಿತ್ತೋ ನೋಡಿ. ಕಡಿಮೆ ಸಿಕ್ಕಿದ್ದರೆ ಏನೋ ತೊಡಕಿತ್ತು ಎಂದರ್ಥ. ಶಾಲೆ ಮುಚ್ಚುವುದು ಬರೀ ಕಾಗದದ ಮಾತಲ್ಲ. ಒಹಾಯೋ ರಾಜ್ಯದಲ್ಲಿ ಇಕಾಟ್ ಎಂಬ ಆನ್‌ಲೈನ್ ಚಾರ್ಟರ್ 2018ರ ಜನವರಿಯಲ್ಲಿ, ವರ್ಷದ ನಟ್ಟನಡುವೆ ಮುಚ್ಚಿ ಸುಮಾರು 12,000 ಮಕ್ಕಳು ಬೀದಿಗೆ ಬಿದ್ದರು. ನ್ಯೂಯಾರ್ಕ್‌ನ ಹಿಡಿತ ಅದಕ್ಕಿಂತ ಬಿಗಿ. ಆದರೂ ಒಂದು ಸಲ ಕಣ್ಣು ಹಾಯಿಸಿ.

ಜಗಳ ಬಂದರೆ ದಾರಿ ಬೇರೆಬೇರೆ. ಡಿಸ್ಟ್ರಿಕ್ಟ್ ಶಾಲೆಯಲ್ಲಿ ಟೀಚರ್, ಪೇರೆಂಟ್ ಕೋಆರ್ಡಿನೇಟರ್, ಪ್ರಿನ್ಸಿಪಾಲ್, ಆಮೇಲೆ ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್. ಚಾರ್ಟರ್‌ನಲ್ಲಿ ಶಾಲೆಯ ಆಡಳಿತ ಮಂಡಳಿಗೆ ಬರೆದು ಕೊಡಬೇಕು. ಅಲ್ಲಿ ಆಗದಿದ್ದರೆ ಅನುಮತಿ ಕೊಟ್ಟ ಸಂಸ್ಥೆಗೆ, ಅದಾದ ಮೇಲೆ ರಾಜ್ಯದ ಶಿಕ್ಷಣ ನೋಡಿಕೊಳ್ಳುವ ರೀಜೆಂಟ್ಸ್ ಮಂಡಳಿಗೆ. ಚಾರ್ಟರ್ ಮಂಡಳಿಯ ಸಭೆಗಳು ಸಾರ್ವಜನಿಕರಿಗೆ ತೆರೆದಿರಬೇಕು ಎಂದು ಕಾನೂನಿದೆ. ಹೋಗಿ ಕೂರಬಹುದು, ಯಾರೂ ತಡೆಯುವಂತಿಲ್ಲ.

ಹಡ್ಸನ್ ನದಿಯಾಚೆ ಜೆರ್ಸಿ ಸಿಟಿ, ನ್ಯೂವಾರ್ಕ್‌ನಲ್ಲಿ ಇರುವವರಿಗೆ ಒಂದು ಮಾತು: ಅದು ಬೇರೆ ರಾಜ್ಯ, ನಿಯಮ, ತಾರೀಕು ಎಲ್ಲ ಬೇರೆ. ನ್ಯೂವಾರ್ಕ್‌ನಲ್ಲಿ ಡಿಸ್ಟ್ರಿಕ್ಟ್ ಶಾಲೆಗೂ ಹಲವು ಚಾರ್ಟರ್‌ಗಳಿಗೂ ಒಂದೇ ಅರ್ಜಿ ಹಾಕುವ ಪದ್ಧತಿ ಬೆಳೆದುಬಂದಿದೆ. ಮೇಲಿನ ಪ್ರಶ್ನೆಗಳು ಮಾತ್ರ ಅಲ್ಲಿಗೂ ಒಪ್ಪುತ್ತವೆ.

ಹೆಜ್ಜೆ 10: ಲಾಟರಿ ಆದ ಮೇಲೆ

ಹೆಸರು ಬಂದರೆ ಕುಣಿಯಬೇಡಿ, ಬರದಿದ್ದರೆ ಕುಗ್ಗಬೇಡಿ. ವೇಟ್‌ಲಿಸ್ಟ್ ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೂ ಕದಲುತ್ತಿರುತ್ತದೆ. ಒಂದೇ ಮಗು ನಾಲ್ಕಾರು ಚಾರ್ಟರ್‌ಗಳ ಪಟ್ಟಿಯಲ್ಲಿ ಇರುವುದರಿಂದ ನಿಮ್ಮ ನಂಬರು ದೊಡ್ಡದಿದ್ದರೂ ಕರೆ ಬರಬಹುದು. ಶಾಲೆ ಶುರುವಾಗಿ ಎರಡು ವಾರವಾದ ಮೇಲೆ ಕರೆ ಬಂದರೆ ಸ್ವಲ್ಪ ಯೋಚಿಸಿ. ಮಗು ಆಗಲೇ ಡಿಸ್ಟ್ರಿಕ್ಟ್ ಶಾಲೆಯಲ್ಲಿ ಟೀಚರಿಗೆ, ಗೆಳೆಯರಿಗೆ ಹೊಂದಿಕೊಂಡಿದ್ದರೆ ಕಿತ್ತು ಬೇರೆಡೆ ಹಾಕಲು ಗಟ್ಟಿ ಕಾರಣ ಬೇಕು. ಇನ್ನೊಂದು, ಚಾರ್ಟರ್ ಬಿಟ್ಟು ಡಿಸ್ಟ್ರಿಕ್ಟ್‌ಗೆ ವರ್ಷದ ಯಾವ ತಿಂಗಳಲ್ಲಾದರೂ ವಾಪಸ್ ಬರಬಹುದು, ಯಾವುದಾದರೂ ಒಂದು ಶಾಲೆಯಲ್ಲಿ ಸೀಟು ಕೊಡಲೇಬೇಕು. ಡಿಸ್ಟ್ರಿಕ್ಟ್‌ನಿಂದ ಚಾರ್ಟರ್‌ಗೆ ಹೋಗುವುದು ಅಷ್ಟು ಸುಲಭವಲ್ಲ.

ಕರೆ ಬಂದ ಮೇಲೆ ಉತ್ತರ ಕೊಡಲು ಸಾಮಾನ್ಯವಾಗಿ ಒಂದೆರಡು ದಿನ ಸಿಗುತ್ತದೆ, ಅಷ್ಟೇ. ಜುಲೈನಲ್ಲಿ ಊರಿಗೆ ಹೋಗುವವರು ಇಲ್ಲಿನ ನಂಬರ್ ಬಂದ್ ಮಾಡಿ ಹೋಗಬೇಡಿ. ಅರ್ಜಿಯಲ್ಲಿ ಇಲ್ಲೇ ಇರುವ ಸ್ನೇಹಿತರ ಫೋನ್ ನಂಬರನ್ನೂ ಸೇರಿಸಿ, ಈಮೇಲ್‌ನ ಸ್ಪ್ಯಾಮ್ ಪೆಟ್ಟಿಗೆಯನ್ನು ದಿನಾ ಒಮ್ಮೆ ನೋಡಿ. ಶಾಲೆ ಬದಲಾಯಿಸುವುದಾದರೆ ಲಸಿಕೆ ದಾಖಲೆ, ಐಇಪಿ, ರಿಪೋರ್ಟ್ ಕಾರ್ಡಿನ ಪ್ರತಿಗಳನ್ನು ಕೈಯಲ್ಲೇ ತೆಗೆದುಕೊಂಡು ಹೋಗಿ. ಶಾಲೆಯಿಂದ ಶಾಲೆಗೆ ಹೋಗುವ ಕಡತ ಅಕ್ಟೋಬರ್‌ನಲ್ಲೂ ಬಂದಿರುವುದಿಲ್ಲ.